‘ಮಾಡ್ಬೇಕು’ ಅಂತ ಬರೆದಿಟ್ಟ ಕೆಲಸ ಮುಗಿಸುವುದು ಹೇಗೆ?

ನನ್ನ ನೋಟ್‌ಬುಕ್ಕಿನಲ್ಲಿ ಮೂರು ವರ್ಷ ಒಂದೇ ಸಾಲು ಇತ್ತು: ‘ಹಳೇ ಫೋಟೊ ಸ್ಕ್ಯಾನ್ ಮಾಡ್ಬೇಕು.’ ನೋಟ್‌ಬುಕ್ ತುಂಬುತ್ತಿತ್ತು, ಹೊಸದು ಬರುತ್ತಿತ್ತು, ನಾನು ಆ ಸಾಲನ್ನು ಮರೆಯದೆ ಹೊಸದಕ್ಕೆ ಇಳಿಸಿಕೊಳ್ಳುತ್ತಿದ್ದೆ. ಮೂರು ರಟ್ಟಿನ ಡಬ್ಬ, ಸುಮಾರು 900 ಫೋಟೊ. ಬಣ್ಣ ಮಾಸುತ್ತಾ ಕಪಾಟಿನ ಮೇಲೆ ಕೂತಿದ್ದವು. ‘ಎಂಥ ಸೋಮಾರಿ ನಾನು’ ಅಂತ ಬೈದುಕೊಳ್ಳುತ್ತಿದ್ದೆ. ಆದರೆ ಅದೇ ಮೂರು ವರ್ಷದಲ್ಲಿ ಇದಕ್ಕಿಂತ ಕಷ್ಟದ ಎಷ್ಟೋ ಕೆಲಸ ಮುಗಿಸಿದ್ದೆ. ಇದೊಂದು ಯಾಕೆ ಅಲುಗಾಡಲಿಲ್ಲ?

ಕೊನೆಗೊಂದು ದಿನ ಡಬ್ಬ ಕೆಳಗಿಳಿಸಿ ಮೊದಲ ಫೋಟೊ ಕೈಗೆತ್ತಿಕೊಂಡೆ. ಆಗ ಗೊತ್ತಾಯಿತು. ಎಲ್ಲಾ ಸ್ಕ್ಯಾನ್ ಮಾಡೋದಾ, ಆರಿಸಿದ್ದು ಮಾತ್ರವಾ? ಮೆಷಿನ್ ತರೋದಾ, ಫೋನ್ ಕ್ಯಾಮೆರಾ ಸಾಕಾ? ಆಮೇಲೆ ಈ ಕಾಗದದ ಫೋಟೊಗಳನ್ನು ಏನು ಮಾಡೋದು? ಈ ಮೂರರಲ್ಲಿ ಒಂದನ್ನೂ ನಾನು ತೀರ್ಮಾನ ಮಾಡಿರಲಿಲ್ಲ. ತೀರ್ಮಾನ ಮಾಡೋಕೆ ಏನಾದರೂ ಇದೆ ಅನ್ನೋದೇ ಹೊಳೆದಿರಲಿಲ್ಲ.

ಬಹಳ ದಿನದಿಂದ ಬಿದ್ದಿರುವ ಕೆಲಸದ ಹೊಟ್ಟೆಯೊಳಗೆ ಸಾಮಾನ್ಯವಾಗಿ ಒಂದು ತೀರ್ಮಾನ ಸಿಕ್ಕಿಹಾಕಿಕೊಂಡಿರುತ್ತದೆ. ಅದನ್ನು ಹೊರಗೆ ತೆಗೆಯದೆ ಎಷ್ಟು ಬೇಗ ಎದ್ದರೂ, ಎಷ್ಟು ಆ್ಯಪ್ ಹಾಕಿಕೊಂಡರೂ ಅದು ಕದಲುವುದಿಲ್ಲ. ಹಾಗೆ ಹೊರಗೆ ತೆಗೆಯಲು ನಾನು ಈಗ ಅನುಸರಿಸುವ ಕ್ರಮ ಇದು. ಒಂದು ಕಾಗದ, ಪೆನ್ನು ಇಟ್ಟುಕೊಂಡು ಓದಿ. ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಹಳೆಯದಾದ ಒಂದು ಸಾಲು ಆರಿಸಿಕೊಳ್ಳಿ. ಹೊಸದು ಬೇಡ, ಹೊಸದರ ಮೇಲೆ ಎಲ್ಲರಿಗೂ ಹುಮ್ಮಸ್ಸು ಇರುತ್ತದೆ.

1. ಸಾಲಿನೊಳಗಿನ ಪ್ರಶ್ನೆ ಹುಡುಕಿ

ಆ ಸಾಲನ್ನು ಓದಿ, ನಿಮ್ಮನ್ನೇ ಕೇಳಿಕೊಳ್ಳಿ: ಈಗ ಎದ್ದು ನಿಂತರೆ ನನ್ನ ಕೈ ಮೊದಲು ಏನು ಮುಟ್ಟುತ್ತದೆ? ಉತ್ತರ ತಕ್ಷಣ ಬಂದರೆ (ಫೋನು, ಬೀಗದ ಕೈ, ಆ ಫೈಲು) ಅದು ಬರೀ ಕೆಲಸ. ಹೋಗಿ ಮಾಡಿ. ಉತ್ತರ ಬರದೆ ತಲೆ ಮಂಜು ಮಂಜಾದರೆ ಒಳಗೊಂದು ಪ್ರಶ್ನೆ ಇದೆ ಅಂತ ಅರ್ಥ.

‘ಕೆಲಸ ಬದಲಾಯಿಸಬೇಕು’ ಅಂತ ಬರೆದಿದ್ದೀರಿ ಅಂದುಕೊಳ್ಳಿ. ಒಳಗಿರುವುದು ‘ಇದೇ ಕ್ಷೇತ್ರದಲ್ಲಿ ಇರಲಾ, ಬೇರೆಗೆ ಹೋಗಲಾ?’ ಅನ್ನುವ ಪ್ರಶ್ನೆ ಇರಬಹುದು. ‘ಮನೆ ಓರಣ ಮಾಡಬೇಕು’ ಅನ್ನುವುದರ ಒಳಗೆ ‘ತೀರಿಹೋದವರ ಬಟ್ಟೆ ಏನು ಮಾಡಲಿ?’ ಅನ್ನುವುದು ಇರಬಹುದು. ಅಂಥದ್ದು ಇದ್ದಾಗ ಪೊರಕೆ ಕೈಗೆ ಬರುವುದೇ ಇಲ್ಲ, ಅದು ಸಹಜ ಅಲ್ವಾ?

ಸಿಕ್ಕ ಪ್ರಶ್ನೆಯನ್ನು ಪ್ರಶ್ನಾರ್ಥಕ ಚಿಹ್ನೆ ಹಾಕಿಯೇ ಬರೆಯಿರಿ. ಎರಡು ಮೂರು ಸಿಕ್ಕರೆ, ಯಾವುದಕ್ಕೆ ಉತ್ತರ ಸಿಕ್ಕರೆ ಉಳಿದವು ತಾವಾಗಿ ಬಿಡಿಸಿಕೊಳ್ಳುತ್ತವೋ ಅದಕ್ಕೆ ಗೆರೆ ಎಳೆಯಿರಿ. ನನ್ನ ವಿಷಯದಲ್ಲಿ ಅದು ‘ಎಲ್ಲವಾ, ಆರಿಸಿದ್ದಾ?’ ಆಗಿತ್ತು.

2. ತಪ್ಪಾದರೆ ವಾಪಸ್ ಬರಬಹುದಾ ನೋಡಿ

ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ ಷೇರುದಾರರಿಗೆ ಬರೆದ 2015ರ ಪತ್ರದಲ್ಲಿ ತೀರ್ಮಾನಗಳನ್ನು ಬಾಗಿಲಿಗೆ ಹೋಲಿಸಿದ್ದಾರೆ. ಕೆಲವು ಬಾಗಿಲು ಒಂದೇ ಕಡೆಗೆ ತೆರೆಯುತ್ತವೆ, ಒಳಗೆ ಹೋದರೆ ಹೋದಹಾಗೆ. ಕೆಲವು ಎರಡೂ ಕಡೆ ತೆರೆಯುತ್ತವೆ, ಇಷ್ಟವಾಗದಿದ್ದರೆ ತಿರುಗಿ ಬರಬಹುದು. ನಮ್ಮ ದಿನನಿತ್ಯದ ತೀರ್ಮಾನಗಳಲ್ಲಿ ಎರಡನೇ ಜಾತಿಯವೇ ಜಾಸ್ತಿ. ಆದರೂ ಎಲ್ಲದಕ್ಕೂ ಒಂದೇ ಸಮ ಮೀನ ಮೇಷ ಎಣಿಸುತ್ತೇವೆ.

ವಾಪಸ್ ಬರಬಹುದಾದರೆ ಹತ್ತು ನಿಮಿಷ ಕೊಡಿ. ಗಡಿಯಾರ ಇಟ್ಟೇ ಕೂತುಕೊಳ್ಳಿ. ಬರಲಾಗದಿದ್ದರೆ ದಿನಗಳನ್ನೇ ಕೊಡಿ, ಆದರೆ ಯಾವ ತಾರೀಖಿಗೆ ತೀರ್ಮಾನ ಅನ್ನುವುದನ್ನು ಇವತ್ತೇ ಬರೆದಿಡಿ. ‘ಯೋಚನೆ ಮಾಡ್ತಿದ್ದೀನಿ’ ಅನ್ನುವುದಕ್ಕೆ ಕೊನೆ ತಾರೀಖು ಇಲ್ಲದಿದ್ದರೆ ಅದು ‘ಇಲ್ಲ’ ಅನ್ನುವುದರ ಇನ್ನೊಂದು ಹೆಸರು.

ಇಲ್ಲೊಂದು ಎಚ್ಚರಿಕೆ ಇದೆ. ಡೇನಿಯಲ್ ಗಿಲ್ಬರ್ಟ್ ಮತ್ತು ಜೇನ್ ಈಬರ್ಟ್ ಎಂಬ ಮನಶ್ಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಾವೇ ತೆಗೆದು ಮುದ್ರಿಸಿದ ಎರಡು ಫೋಟೊಗಳಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟುಕೊಡಬೇಕಿತ್ತು. ಕೆಲವರಿಗೆ ‘ಆರಿಸಿದ ಮೇಲೆ ಮುಗೀತು’ ಎಂದರು. ಇನ್ನು ಕೆಲವರಿಗೆ ‘ಕೆಲವು ದಿನದೊಳಗೆ ಬದಲಾಯಿಸಿಕೊಳ್ಳಬಹುದು’ ಎಂದರು. ಬದಲಾಯಿಸುವ ಅವಕಾಶ ಇದ್ದವರಿಗೇ ತಮ್ಮ ಫೋಟೊ ಕಡಿಮೆ ಇಷ್ಟವಾಯಿತು. ಇದು ಗೊತ್ತಿಲ್ಲದ ಬೇರೆ ವಿದ್ಯಾರ್ಥಿಗಳನ್ನು ಕೇಳಿದಾಗ ಹೆಚ್ಚಿನವರು ಬದಲಾಯಿಸುವ ಅವಕಾಶವೇ ಬೇಕು ಎಂದರು!

ಹಾಗಾಗಿ ಎರಡು ಕಡೆ ತೆರೆಯುವ ಬಾಗಿಲಲ್ಲಿ ಬೇಗ ಹೋಗಿ, ಹೋದ ಮೇಲೆ ಅದನ್ನು ಮುಚ್ಚಿಬಿಡಿ. ಹೊಸ್ತಿಲ ಮೇಲೆ ನಿಂತು ಹಿಂದೆ ಮುಂದೆ ನೋಡುತ್ತಾ ಇದ್ದರೆ ಎರಡೂ ಕೋಣೆ ನಿಮ್ಮದಲ್ಲ.

3. ‘ಇಷ್ಟಿದ್ದರೆ ಸಾಕು’ ಅನ್ನುವುದನ್ನು ಮೊದಲೇ ಬರೆಯಿರಿ

ಸ್ಕ್ಯಾನರ್ ಬಗ್ಗೆ ನಾನು ಎರಡು ವಾರ ಓದಿದೆ. ಒಂದರಲ್ಲಿ ವೇಗ ಜಾಸ್ತಿ, ಇನ್ನೊಂದರಲ್ಲಿ ಬಣ್ಣ ಚೆನ್ನ. ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ತೆಗಳಿದ್ದರು. ಹದಿನಾಲ್ಕನೇ ದಿನ ನನಗೆ ಮೊದಲ ದಿನಕ್ಕಿಂತ ಜಾಸ್ತಿ ಗೊಂದಲ.

ನಾನು ಮಾಡಿದ ತಪ್ಪು ಇಷ್ಟೇ: ನನಗೇನು ಬೇಕು ಅಂತ ಬರೆದುಕೊಳ್ಳದೆ ಹುಡುಕಲು ಹೊರಟಿದ್ದೆ. ಹರ್ಬರ್ಟ್ ಸೈಮನ್ 1950ರ ದಶಕದಲ್ಲೇ ಈ ವಿಷಯ ಹೇಳಿದ್ದರು. ಮನುಷ್ಯನಿಗೆ ಎಲ್ಲಾ ಆಯ್ಕೆಗಳನ್ನೂ ತೂಗಿ ನೋಡುವಷ್ಟು ಸಮಯ, ಮಾಹಿತಿ, ತಲೆ ಇರುವುದಿಲ್ಲ. ತನಗೆ ಸಾಕೆನಿಸುವ ಮಟ್ಟವೊಂದನ್ನು ಇಟ್ಟುಕೊಂಡು, ಅದನ್ನು ಮುಟ್ಟಿದ ಆಯ್ಕೆ ಸಿಕ್ಕಾಗ ಅವನು ಹುಡುಕಾಟ ನಿಲ್ಲಿಸುತ್ತಾನೆ. ಸಂಸ್ಥೆಗಳಲ್ಲಿ ತೀರ್ಮಾನಗಳು ಹೇಗೆ ಆಗುತ್ತವೆ ಅನ್ನುವ ಅಧ್ಯಯನಕ್ಕಾಗಿ ಸೈಮನ್‌ಗೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ನಾನು ಕೊನೆಗೆ ಮೂರು ಷರತ್ತು ಬರೆದೆ. ಪುಟ್ಟ ಮುಖವೂ ದೊಡ್ಡದು ಮಾಡಿದಾಗ ಗುರುತು ಸಿಗಬೇಕು. ಅಂಟಿಸಿದ ಫೋಟೊ ಆಲ್ಬಮ್ಮಿನಿಂದ ಕೀಳದೆ ಕೆಲಸ ಆಗಬೇಕು. ಒಂದು ಫೋಟೊಗೆ ಒಂದು ನಿಮಿಷಕ್ಕಿಂತ ಜಾಸ್ತಿ ಹಿಡಿಯಬಾರದು. ಆರು ಇಂಚು ಉದ್ದ, ನಾಲ್ಕು ಇಂಚು ಅಗಲದ ಫೋಟೊವನ್ನು 600 ಡಿಪಿಐನಲ್ಲಿ (ಅಂದರೆ ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿದರೆ 3600 ಗುಣಿಸು 2400 ಪಿಕ್ಸೆಲ್ ಸಿಗುತ್ತದೆ. ನನ್ನ ಫೋನ್ ಕ್ಯಾಮೆರಾ ಅದಕ್ಕಿಂತ ಜಾಸ್ತಿಯೇ ಕೊಡುತ್ತಿತ್ತು. ಕಿಟಕಿ ಪಕ್ಕ ನೇರ ಬಿಸಿಲು ಬೀಳದ ಜಾಗದಲ್ಲಿ ಒಂದು ಫೋಟೊ ತೆಗೆದು ನೋಡಿದೆ. ಮೂರೂ ಷರತ್ತು ಪಾಸು. ಎರಡು ವಾರದ ಓದು ಎಂಟು ನಿಮಿಷದಲ್ಲಿ ಮುಗಿಯಿತು.

ಮೂರಕ್ಕಿಂತ ಜಾಸ್ತಿ ಷರತ್ತು ಬೇಡ. ಐದು, ಆರು ಬರೆದರೆ ಎಲ್ಲವನ್ನೂ ದಾಟುವುದು ಯಾವುದೂ ಸಿಗುವುದಿಲ್ಲ.

4. ದೊಡ್ಡ ತೀರ್ಮಾನಕ್ಕೆ ಎರಡು ಕಾಲಂ, ಕೆಲವು ದಿನ

ಊರು ಬಿಡುವುದು, ಮದುವೆ, ಓದು ನಿಲ್ಲಿಸುವುದು ಇಂಥವಕ್ಕೆ ಮೂರು ಷರತ್ತು ಸಾಲುವುದಿಲ್ಲ. ಕಾಗದದ ಮಧ್ಯೆ ಗೆರೆ ಎಳೆದು ಒಂದು ಕಡೆ ಪರ, ಇನ್ನೊಂದು ಕಡೆ ವಿರೋಧ ಬರೆಯುವ ಪದ್ಧತಿ ಎಲ್ಲರಿಗೂ ಗೊತ್ತು. ಬೆಂಜಮಿನ್ ಫ್ರಾಂಕ್ಲಿನ್ 1772ರಲ್ಲಿ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಬರೆದ ಪತ್ರದಲ್ಲಿ ಇದನ್ನು ವಿವರಿಸಿದ್ದರು. ‘ಏನು ಮಾಡಬೇಕು ಅಂತ ಹೇಳಲಾರೆ, ಹೇಗೆ ತೀರ್ಮಾನಿಸಬೇಕು ಅಂತ ಹೇಳುತ್ತೇನೆ’ ಅನ್ನುವ ಧಾಟಿ ಆ ಪತ್ರದ್ದು.

ನಾವು ಆ ಪದ್ಧತಿಯ ಅರ್ಧ ಮಾತ್ರ ಉಳಿಸಿಕೊಂಡಿದ್ದೇವೆ. ಫ್ರಾಂಕ್ಲಿನ್ ಒಂದೇ ಸಲ ಕೂತು ಬರೆಯಿರಿ ಅನ್ನಲಿಲ್ಲ. ಮೂರು ನಾಲ್ಕು ದಿನ ಬರೆಯುತ್ತಾ ಹೋಗಿ ಎಂದರು. ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಕಾರಣ ಹೊಳೆಯುತ್ತವೆ, ಒಂದು ಕಣ್ಣಿಗೆ ಬಿದ್ದಾಗ ಇನ್ನೊಂದು ಮರೆಯಾಗಿರುತ್ತದೆ. ಆಮೇಲೆ ಲೆಕ್ಕ ಹಾಕುವುದಲ್ಲ, ಹೊಡೆದು ಹಾಕುವುದು. ಈ ಕಡೆಯ ಒಂದು ಕಾರಣ ಆ ಕಡೆಯ ಒಂದಕ್ಕೆ ಸಮ ತೂಗಿದರೆ ಎರಡನ್ನೂ ಅಳಿಸಿ. ಇಲ್ಲಿನ ಒಂದು ಅಲ್ಲಿನ ಎರಡಕ್ಕೆ ಸಮ ಆದರೆ ಮೂರನ್ನೂ ಅಳಿಸಿ. ಕೊನೆಗೆ ಎಲ್ಲಿ ಏನು ಉಳಿಯಿತು ನೋಡಿ. ಅದಾದ ಮೇಲೂ ಒಂದೆರಡು ದಿನ ಕಾಯಿರಿ, ಹೊಸದೇನೂ ಹೊಳೆಯದಿದ್ದರೆ ತೀರ್ಮಾನ ಮಾಡಿ.

ಈ ಹೊಡೆದು ಹಾಕುವ ಕೆಲಸ ಮಾಡಿದವರಿಗೇ ಗೊತ್ತು, ಎಷ್ಟು ಬೆವರಿಳಿಸುತ್ತದೆ ಅಂತ. ‘ಸಂಬಳ ಜಾಸ್ತಿ’ ಅನ್ನುವುದು ‘ಅಮ್ಮನಿಂದ ದೂರ’ ಅನ್ನುವುದಕ್ಕೆ ಸಮವಾ? ಪೆನ್ನು ಹಿಡಿದು ಕೂತಾಗ ಕೈ ತಡೆಯುತ್ತದಲ್ಲ, ಆಗ ನಿಮಗೆ ಯಾವುದು ಮುಖ್ಯ ಅನ್ನುವುದು ಗೊತ್ತಾಗುತ್ತದೆ.

ಅಷ್ಟಾದರೂ ತಕ್ಕಡಿ ಸಮ ನಿಂತರೆ ನಾಣ್ಯ ಚಿಮ್ಮಿ. ತಮಾಷೆಯಲ್ಲ. ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಸಾವಿರಾರು ಜನರಿಗೆ ಅಂತರ್ಜಾಲದಲ್ಲಿ ನಾಣ್ಯ ಚಿಮ್ಮಿಸಿ, ಆರು ತಿಂಗಳ ನಂತರ ಮತ್ತೆ ವಿಚಾರಿಸಿದರು. ದೊಡ್ಡ ವಿಷಯಗಳಲ್ಲಿ ಬದಲಾವಣೆ ಮಾಡಿಕೊಂಡವರು ಇದ್ದಹಾಗೇ ಉಳಿದವರಿಗಿಂತ ಹೆಚ್ಚು ಖುಷಿಯಾಗಿದ್ದೇವೆ ಎಂದರು. ಇದು ಅವರವರೇ ಹೇಳಿದ ಮಾತು, ಅದಕ್ಕೆ ಪೂರ್ತಿ ತೂಕ ಕೊಡುವುದು ಬೇಡ. ನಾನಂತೂ ನಾಣ್ಯ ಬಳಸುವುದು ಬೇರೆ ಕಾರಣಕ್ಕೆ. ಅದು ಗಾಳಿಯಲ್ಲಿ ಇರುವಾಗ ಮನಸ್ಸು ಯಾವ ಕಡೆ ಬೀಳಲಿ ಅಂತ ಹಾರೈಸುತ್ತದೆ ಅಂತ ನೋಡುತ್ತೇನೆ. ಕೆಳಗೆ ಬಿದ್ದದ್ದನ್ನು ಎಷ್ಟೋ ಸಲ ನೋಡಿಯೂ ಇಲ್ಲ.

5. ‘ಮಾಡ್ಬೇಕು’ ಹೊಡೆದು ‘ಮಾಡ್ತೀನಿ’ ಬರೆಯಿರಿ

ಒಂದು ತಮಾಷೆ ಗಮನಿಸಿ. ‘ಮಾಡ್ತೀನಿ’ ಅಂದರೆ ಆ ಮಾತಿನ ಬಾಲದಲ್ಲೇ ‘ನಾನು’ ಕೂತಿದ್ದೇನೆ. ‘ಮಾಡ್ತಾರೆ’ ಅಂದರೆ ಅವರು. ಆದರೆ ‘ಮಾಡ್ಬೇಕು’ ಅನ್ನುವುದರಲ್ಲಿ ಯಾರೂ ಇಲ್ಲ! ನಾನು ಮಾಡಬೇಕು, ನೀನು ಮಾಡಬೇಕು, ಸರ್ಕಾರ ಮಾಡಬೇಕು, ಎಲ್ಲದಕ್ಕೂ ಒಂದೇ ರೂಪ. ಯಾವಾಗ ಅನ್ನುವುದೂ ಇಲ್ಲ. ನನ್ನ ನೋಟ್‌ಬುಕ್ಕಿನ ಸಾಲು ಮೂರು ವರ್ಷ ಯಾರನ್ನೋ ಕಾಯುತ್ತಾ ಇತ್ತು. ‘ನೋಡೋಣ’ ಅನ್ನುವ ಮಾತಂತೂ ಇನ್ನೂ ಜಾಣ. ಅದರಲ್ಲಿ ಎಲ್ಲರೂ ಇದ್ದಾರೆ, ಯಾರೂ ಏನೂ ಮಾಡುವುದಿಲ್ಲ.

ತೀರ್ಮಾನ ಆದ ತಕ್ಷಣ, ಎದ್ದು ಹೋಗುವ ಮೊದಲು, ಒಂದು ವಾಕ್ಯ ಬರೆಯಿರಿ. ಅದರಲ್ಲಿ ಮೂರು ಇರಲಿ: ಯಾವುದಾದ ಮೇಲೆ, ಎಲ್ಲಿ, ಏನು. ನನ್ನದು ಹೀಗಿತ್ತು: ‘ರಾತ್ರಿ ಪಾತ್ರೆ ತೊಳೆದಾದ ಮೇಲೆ, ಕಿಟಕಿ ಪಕ್ಕದ ಮೇಜಿನಲ್ಲಿ, ಮೊದಲ ಡಬ್ಬ ತೆರೆದು ಫೋಟೊ ಸ್ಕ್ಯಾನ್ ಮಾಡ್ತೀನಿ.’ ಗಂಟೆ ಬರೆಯುವುದಕ್ಕಿಂತ ‘ಯಾವುದಾದ ಮೇಲೆ’ ಅಂತ ಬರೆಯುವುದು ವಾಸಿ. ಎಂಟೂವರೆ ಆಗಿದ್ದು ಗೊತ್ತಾಗದೇ ಹೋಗಬಹುದು. ಪಾತ್ರೆ ತೊಳೆದು ಮುಗಿದದ್ದು ಗೊತ್ತಾಗದೇ ಇರುವುದಿಲ್ಲ.

ಪೀಟರ್ ಗಾಲ್‌ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞ ಈ ಬಗೆಯ ‘ಹೀಗಾದಾಗ ಹೀಗೆ ಮಾಡ್ತೀನಿ’ ವಾಕ್ಯಗಳ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. 1997ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳು ಕ್ರಿಸ್‌ಮಸ್ ಹಿಂದಿನ ದಿನವನ್ನು ಹೇಗೆ ಕಳೆದರು ಅಂತ ರಜೆಯಲ್ಲೇ, ಎರಡು ದಿನದೊಳಗೆ ಬರೆದು ಕಳಿಸಬೇಕಿತ್ತು. ಎಲ್ಲಿ, ಯಾವಾಗ ಕೂತು ಬರೆಯುತ್ತೇವೆ ಅಂತ ಮೊದಲೇ ಗೊತ್ತುಮಾಡಿಕೊಳ್ಳದವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನ ಹೊತ್ತಿಗೆ ಸರಿಯಾಗಿ ಮುಗಿಸಿದರು. ಗೊತ್ತುಮಾಡಿಕೊಂಡವರಲ್ಲಿ ಅದರ ದುಪ್ಪಟ್ಟಿಗಿಂತ ಜಾಸ್ತಿ. 2006ರಲ್ಲಿ ಅವರೂ ಪಾಸ್ಕಲ್ ಶೀರನ್ ಅವರೂ ಸೇರಿ ಇಂಥ 94 ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಪರಿಣಾಮ ಚೆನ್ನಾಗಿಯೇ ಕಂಡಿತು. ಒಂದು ವಾಕ್ಯ ಬರೆಯುವ ಶ್ರಮಕ್ಕೆ ಇಷ್ಟು ಸಿಗುವುದು ಲಾಭವೇ.

6. ಹತ್ತು ಮಾಡಿ ನೋಡಿ, ಆಮೇಲೆ ಲೆಕ್ಕ ಹಾಕಿ

ಮೊದಲ ರಾತ್ರಿ ಹತ್ತೇ ಫೋಟೊ ಮಾಡಿದೆ. ಧೂಳು ಒರೆಸಿ, ಫೋನಿನಲ್ಲಿ ತೆಗೆದು, ಅಂಚು ಕತ್ತರಿಸಿ, ಯಾರಿದ್ದಾರೆ ಅಂತ ಹೆಸರು ಹಾಕುವುದಕ್ಕೆ 25 ನಿಮಿಷ. ಕ್ಯಾಮೆರಾ ಕೆಲಸ ಒಂದು ನಿಮಿಷವೂ ಇರಲಿಲ್ಲ, ಹೆಸರು ಹಾಕುವುದೇ ಹೊತ್ತು ತಿಂದಿತು. ಅಂದರೆ ಒಂದಕ್ಕೆ ಎರಡೂವರೆ ನಿಮಿಷ. 900ಕ್ಕೆ 2250 ನಿಮಿಷ, ಮೂವತ್ತೇಳೂವರೆ ಗಂಟೆ. ದಿನಕ್ಕೆ ಅರ್ಧ ಗಂಟೆಯಂತೆ 75 ದಿನ. ನನ್ನ ತಲೆಯಲ್ಲಿ ಇದ್ದದ್ದು ‘ಒಂದು ವಾರ.’

ಈ ಲೆಕ್ಕ ನೋಡಿದ ಮೇಲೆ ‘ಎಲ್ಲವಾ, ಆರಿಸಿದ್ದಾ?’ ಅನ್ನುವುದಕ್ಕೆ ಉತ್ತರ ತಾನಾಗಿ ಬಂತು. 200 ಆರಿಸಿದರೆ 500 ನಿಮಿಷ, ಹದಿನೇಳು ದಿನ. ಅದು ನನ್ನಿಂದ ಆಗುತ್ತದೆ. 75 ದಿನ ಆಗುವುದಿಲ್ಲ, ನನ್ನನ್ನು ನಾನು ಬಲ್ಲೆ. ಕೂತು ಯೋಚಿಸಿ ಬಗೆಹರಿಯದ ಪ್ರಶ್ನೆ ಸ್ವಲ್ಪ ಕೆಲಸ ಮಾಡಿದ್ದಕ್ಕೆ ಬಗೆಹರಿಯಿತು. ಪ್ರಶ್ನೆ ಬಿಡಿಸಲು ಆಗದೆ ಸಿಕ್ಕಿಬಿದ್ದಾಗ ನೀವೂ ಇದನ್ನು ಪ್ರಯತ್ನಿಸಿ: ಒಂದು ಚೂರು ಮಾಡಿ, ಹೊತ್ತು ಅಳೆಯಿರಿ, ಗುಣಿಸಿ.

ಅಂದಾಜು ತಪ್ಪುವುದು ನನ್ನೊಬ್ಬನ ರೋಗ ಅಲ್ಲ. ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಇದಕ್ಕೊಂದು ಹೆಸರು ಇಟ್ಟಿದ್ದರು. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನದಲ್ಲಿ ಮುಗಿಸುತ್ತೀರಿ ಅಂತ ಕೇಳಿದರು. ಸರಾಸರಿ ಉತ್ತರ 34 ದಿನ. ಎಲ್ಲಾ ಕೆಟ್ಟದ್ದೇ ಆದರೆ? 49 ದಿನ. ನಿಜಕ್ಕೂ ಹಿಡಿದದ್ದು ಸರಾಸರಿ 55 ದಿನಕ್ಕೂ ಹೆಚ್ಚು. ‘ಎಲ್ಲಾ ಕೆಟ್ಟದ್ದೇ ಆದರೆ’ ಅಂತ ಯೋಚಿಸಿ ಹೇಳಿದ್ದೂ ಸಾಲಲಿಲ್ಲ ನೋಡಿ. ಹಾಗಾಗಿ ಕಲ್ಪನೆ ಬಿಡಿ, ಹಿಂದಿನ ಸಲ ಇಂಥದ್ದೇ ಕೆಲಸಕ್ಕೆ ಎಷ್ಟು ದಿನ ಹಿಡಿಯಿತು ನೆನಪಿಸಿಕೊಳ್ಳಿ. ಅದೇ ನಿಮ್ಮ ಅಂದಾಜು. ಈ ಸಲ ಬೇರೆ ಥರ ಆಗುತ್ತದೆ ಅಂತ ಅನ್ನಿಸುತ್ತದೆ. ಹಿಂದಿನ ಸಲವೂ ಹಾಗೇ ಅನ್ನಿಸಿತ್ತು.

7. ಕೆಟ್ಟುಹೋಗಿದೆ ಅಂತ ಮೊದಲೇ ಅಂದುಕೊಳ್ಳಿ

ಐದು ನಿಮಿಷದ ಕೆಲಸ ಇದು. ಕಣ್ಣು ಮುಚ್ಚಿ, ಒಂದು ತಿಂಗಳು ಕಳೆದಿದೆ, ಕೆಲಸ ಅರ್ಧಕ್ಕೇ ನಿಂತಿದೆ ಅಂದುಕೊಳ್ಳಿ. ಯಾಕೆ ನಿಂತಿತು? ಬರೆಯಿರಿ. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ಇದನ್ನು ಕಚೇರಿಯ ತಂಡಗಳಿಗಾಗಿ ವಿವರಿಸಿದ್ದರು, ಒಬ್ಬರೇ ಕೂತು ಮಾಡಿದರೂ ನಡೆಯುತ್ತದೆ. ‘ಏನಾದರೂ ತೊಂದರೆ ಆಗಬಹುದಾ?’ ಅಂತ ಕೇಳಿದರೆ ‘ಏನೂ ಇಲ್ಲ’ ಅನ್ನುತ್ತೇವೆ. ‘ಕೆಟ್ಟಾಯಿತು, ಯಾಕೆ ಹೇಳು’ ಅಂದರೆ ಕಾರಣಗಳು ಸಾಲುಗಟ್ಟಿ ಬರುತ್ತವೆ.

ನನಗೆ ಬಂದವು ಎರಡು. ಒಂದು, ದಿನಾ ಮೇಜು ಖಾಲಿ ಮಾಡಿ ಮತ್ತೆ ಹರಡುವ ರಗಳೆ. ಅದಕ್ಕೆ ಎಲ್ಲವನ್ನೂ ಒಂದು ದೊಡ್ಡ ತಟ್ಟೆಯಲ್ಲಿ ಇಟ್ಟೆ, ತಟ್ಟೆ ಎತ್ತಿದರೆ ಮುಗೀತು. ಇನ್ನೊಂದು, ಫೋಟೊ ನೋಡುತ್ತಾ ನೆನಪಿನಲ್ಲಿ ಮುಳುಗಿಬಿಡುವುದು. ಅದಕ್ಕೆ ಮಾತ್ರ ಮದ್ದು ಹುಡುಕಲು ಹೋಗಲಿಲ್ಲ. ಸ್ವಲ್ಪ ಮುಳುಗಲಿ ಅಂತ ಬಿಟ್ಟೆ.

8. ಒಂದು ದಿನ ತಪ್ಪಿದರೆ

ನಮ್ಮಲ್ಲಿ ಆರಂಭಶೂರರು ಅಂತ ಒಂದು ಮಾತಿದೆ. ಆ ಶೂರರು ಸೋಲುವುದು ಸಾಮಾನ್ಯವಾಗಿ ಮೊದಲ ಸಲ ತಪ್ಪಿದ ಮಾರನೇ ದಿನ. ‘ಹೇಗೂ ಕೆಟ್ಟಿತಲ್ಲ’ ಅಂತ ಕೈಬಿಡುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನ ಹೊಸ ಅಭ್ಯಾಸ ಬೆಳೆಸಿಕೊಳ್ಳುವುದನ್ನು 12 ವಾರ ಗಮನಿಸಿದರು. ಅಭ್ಯಾಸ ಮೈಗೂಡಲು ಬೇಕಾದ ಕಾಲ ಒಬ್ಬೊಬ್ಬರಿಗೆ ಒಂದೊಂದು: 18 ದಿನದಿಂದ ಹಿಡಿದು, ಲೆಕ್ಕದ ಪ್ರಕಾರ 254 ದಿನದವರೆಗೆ. ಮಧ್ಯೆ ಒಂದು ದಿನ ತಪ್ಪಿದ್ದರಿಂದ ಅಂಥ ವ್ಯತ್ಯಾಸವೇನೂ ಆಗಲಿಲ್ಲ.

ತಪ್ಪಿದ ದಿನದ ಬಾಕಿಯನ್ನು ಮರುದಿನ ಸೇರಿಸಬೇಡಿ. ಡಬಲ್ ಕೆಲಸ ಕಂಡರೆ ಮರುದಿನವೂ ತಪ್ಪುತ್ತದೆ. ಎಂದಿನಷ್ಟೇ ಮಾಡಿ, ಕೊನೆ ತಾರೀಖನ್ನು ಒಂದು ದಿನ ಮುಂದಕ್ಕೆ ತಳ್ಳಿ.

9. ಬಿಡುವುದಾದರೆ ಸರಿಯಾಗಿ ಬಿಡಿ

ಪಟ್ಟಿಯ ಎಲ್ಲವನ್ನೂ ಮಾಡಲೇಬೇಕು ಅಂತಿಲ್ಲ. ಕೆಲವು ಸಾಲುಗಳ ಒಳಗಿನ ಪ್ರಶ್ನೆ ‘ಇದು ನನಗೆ ಇನ್ನೂ ಬೇಕಾ?’ ಅನ್ನುವುದೇ ಆಗಿರುತ್ತದೆ. ಬೇಡವಾದರೆ ಅದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ‘ಬಿಟ್ಟೆ’ ಅಂತ ಬರೆಯಿರಿ. ‘ಬಿಟ್ಟೆ’ ಅನ್ನುವುದರಲ್ಲೂ ‘ನಾನು’ ಇದ್ದೇನೆ. ನಾನು ಐದು ವರ್ಷ ಹೊತ್ತುಕೊಂಡು ಬಂದ ‘ಗಿಟಾರ್ ಕಲಿಯಬೇಕು’ ಅನ್ನುವುದಕ್ಕೆ ಹೀಗೆ ಮಾಡಿದೆ. ಎರಡು ದಿನ ಬೇಜಾರಿತ್ತು, ಆಮೇಲೆ ಗಿಟಾರ್ ಕೊಟ್ಟುಬಿಟ್ಟೆ.

‘ಇಷ್ಟು ಖರ್ಚು ಮಾಡಿದ್ದೇನಲ್ಲ, ಈಗ ಹೇಗೆ ಬಿಡಲಿ?’ ಅನ್ನುವ ಮಾತು ಬಂದರೆ ಪ್ರಶ್ನೆ ತಿರುಗಿಸಿ: ಏನೂ ಖರ್ಚು ಮಾಡದೆ ಇವತ್ತೇ ಶುರು ಮಾಡುವುದಿದ್ದರೆ ಇದನ್ನು ಆರಿಸುತ್ತಿದ್ದೆನಾ? ಕೆಲಸ ಶುರು ಮಾಡುವಾಗಲೇ ಯಾವ ತಾರೀಖಿಗೆ ಎಷ್ಟು ಆಗಿರದಿದ್ದರೆ ಬಿಡುತ್ತೇನೆ ಅಂತ ಬರೆದಿಟ್ಟರೆ ಇನ್ನೂ ಒಳ್ಳೆಯದು. ಆಗ ತಲೆ ತಣ್ಣಗಿರುತ್ತದೆ.

ನನ್ನ 200 ಫೋಟೊ ಹತ್ತೊಂಬತ್ತು ದಿನಕ್ಕೆ ಮುಗಿದವು. ಎರಡು ದಿನ ತಪ್ಪಿತ್ತು. ಮುಗಿದ ರಾತ್ರಿ ನೋಟ್‌ಬುಕ್ ತೆಗೆದು ಹಳೇ ಸಾಲಿನ ಮೇಲೆ ಗೆರೆ ಎಳೆದೆ. ಅದರ ಕೆಳಗೇ ಬರೆದೆ: ‘ಉಳಿದ 700 ಏನಾದ್ರೂ ಮಾಡ್ಬೇಕು.’ ಬರೆದಾದ ಮೇಲೆ ಆ ಕೊನೆಯ ಪದ ಕಣ್ಣಿಗೆ ಬಿತ್ತು. ಹೊಡೆದು ಹಾಕಿ ಮತ್ತೆ ಬರೆದೆ: ‘ಉಳಿದ 700 ಯಾರಿಗೆ ಬೇಕು? ಭಾನುವಾರ ಕಾಫಿ ಕುಡಿದಾದ ಮೇಲೆ ಅಕ್ಕನಿಗೆ ಫೋನ್ ಮಾಡಿ ಕೇಳ್ತೀನಿ.’